ಪದಚರ್ಚೆ: ರಿವಾಲ್ವರಿನ 'ಮೆರುಗು' ಮತ್ತು 'ಬೆರಕೆ'

ಬಲ್ಲವರಿಗೆ ನಮಸ್ಕಾರ.

ಹಳೆಯ ರಿವಾಲ್ವರುಗಳಿಗೆ ಸಂಗ್ರಾಹಕರು ಹೇಗೆ ಬೆಲೆ ಕಟ್ಟುತ್ತಾರೆ ಎಂಬ ಲೇಖನವೊಂದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮಾದರಿಗೆ ಆರಿಸಿಕೊಂಡದ್ದು ಅಮೆರಿಕದ ಸೇನೆ 1873ರಲ್ಲಿ ಒಪ್ಪಿಕೊಂಡ ಕೋಲ್ಟ್ ಸಿಂಗಲ್ ಆ್ಯಕ್ಷನ್ ಆರ್ಮಿ. ನಳಿಗೆ, ಹಿಡಿಕೆ, ತೋಟಾಗಳಿಗೆ ಪದ ಹುಡುಕಬೇಕಿಲ್ಲ. ತೊಡಕೆಲ್ಲ 'ಬ್ಲೂಯಿಂಗ್' ಬಳಿ.

ಉಕ್ಕಿನ ಮೈಗೆ ಹದವರಿತು ತುಕ್ಕಿನಂಥದ್ದೇ ತೆಳುಪದರ ಬರಿಸಿ ಪಡೆಯುವ ಕಡುನೀಲಿ ಬಣ್ಣವಿದು. ಮೇಲೆ ಬಳಿದದ್ದಲ್ಲವಾದ್ದರಿಂದ 'ನೀಲಿ ಲೇಪ' ಸಲ್ಲದು. ಸದ್ಯಕ್ಕೆ 'ನೀಲಿ ಮೆರುಗು' ಎಂದಿಟ್ಟಿದ್ದೇನೆ. ಚರ್ಮದ ಒರೆಗೆ ಉಜ್ಜಿ ಉಜ್ಜಿ ಅದು ನಳಿಗೆಯ ತುದಿಯಲ್ಲಿ ಸವೆಯುತ್ತದೆ, ಉಳಿದೆಡೆ ಬೂದುಗಂದಾಗಿ ಮಾಗುತ್ತದೆ. ಸಂಗ್ರಾಹಕ ದುಡ್ಡು ಸುರಿಯುವುದು ಈ ಉಳಿದ ಮೂಲ ಬಣ್ಣಕ್ಕೇ. ತಿಕ್ಕಿ ಹೊಸ ನೀಲಿ ಏರಿಸಿದರೆ ಅಕ್ಷರಗಳ ಅಂಚು ಮೊಂಡಾಗುತ್ತದೆ, ತಿರುಪಿನ ಕುಳಿಗಳ ಬಾಯಿ ಅಗಲವಾಗುತ್ತದೆ, ಬೆಲೆಯೂ ಬೀಳುತ್ತದೆ. ಆದರೆ 'ಹೊಸ ಮೆರುಗು ಕೊಟ್ಟ ರಿವಾಲ್ವರ್' ಎಂದರೆ ನಮ್ಮ ಓದುಗರು ಅದನ್ನು ಹೊಗಳಿಕೆಯೆಂದೇ ತಿಳಿದಾರು. ಮದುವೆಗೆ ಮುನ್ನ ಒಡವೆಗೆ ಮೆರುಗು ಹಾಕಿಸುವವರಲ್ಲವೇ ನಾವು! ದೋಷದ ಧ್ವನಿಯಿರುವ ಪದ ಬೇಕು. 'ಮರುಬಣ್ಣ' ಸಪ್ಪೆ. ಮಾಗಿದ ಮೈಗೆ 'ಕಿಲುಬು' ಎನ್ನೋಣವೆಂದರೆ ಹುಣಸೆಹಣ್ಣು ಹಾಕಿ ತಿಕ್ಕಬೇಕಾದ ಹಿತ್ತಾಳೆ ಪಾತ್ರೆ ನೆನಪಾಗುತ್ತದೆ. 'ಮಾಗುಬಣ್ಣ' ಆದೀತೇ?

ಇನ್ನು ಸಂಖ್ಯೆಗಳ ವಿಚಾರ. ಚೌಕಟ್ಟು, ಟ್ರಿಗರಿನ ಕಾಪುಬಳೆ, ಹಿಡಿಕೆಯ ಬೆನ್ನುಪಟ್ಟಿ ಮೂರರಲ್ಲೂ ಒಂದೇ ಕ್ರಮಸಂಖ್ಯೆ ಇದ್ದರೆ ಬೆಲೆ ಹೆಚ್ಚು. ಇಲ್ಲದವಕ್ಕೆ 'ಬೆರಕೆ ಸಂಖ್ಯೆ' ಎನ್ನಬಹುದಿತ್ತು. ಆದರೆ ಇದೇ ರಿವಾಲ್ವರುಗಳಲ್ಲಿ 'ಆರ್ಟಿಲರಿ' (ಫಿರಂಗಿದಳ) ಎಂದು ಹೆಸರಾದವುಗಳ ಕಥೆ ಬೇರೆ. ಅಶ್ವದಳದ ಏಳೂವರೆ ಅಂಗುಲದ ನಳಿಗೆಗಳನ್ನು ಸರ್ಕಾರವೇ ಐದೂವರೆಗೆ ಕತ್ತರಿಸಿ ದುರಸ್ತಿ ಮಾಡಿಸುವಾಗ ಒಂದರ ಭಾಗ ಇನ್ನೊಂದಕ್ಕೆ ಸೇರಿತು. ಅಲ್ಲಿ ಸಂಖ್ಯೆಗಳು ಕಲೆತಿರುವುದೇ ಸಹಜ. ಎಲ್ಲವೂ ಒಂದೇ ಇದ್ದರೆ ಅನುಭವಸ್ಥರು ಹುಬ್ಬೇರಿಸುತ್ತಾರೆ. ಕಲಬೆರಕೆಯ ವಾಸನೆಯಿರುವ 'ಬೆರಕೆ' ಅವುಗಳಿಗೆ ಅನ್ಯಾಯ. 'ಮಿಶ್ರ ಸಂಖ್ಯೆ'ಯೇ ವಾಸಿ ಎಂದು ನನ್ನ ಮತ.

ಕೊನೆಯದಾಗಿ, ಕೋವಿಯ 'ಕುದುರೆ' ನಿಮ್ಮ ಕಡೆ ಯಾವುದು? ಬೆರಳಿನಿಂದ ಎಳೆಯುವುದೋ, ತೋಟಾದ ಬೆನ್ನಿಗೆ ಬಡಿಯುವುದೋ? ಎರಡನ್ನೂ ಕೇಳಿದ್ದೇನೆ. ಈ ರಿವಾಲ್ವರಿನಲ್ಲಿ ಪ್ರತಿ ಗುಂಡಿಗೂ ಮೊದಲು ಒಂದನ್ನು ಹೆಬ್ಬೆರಳಿನಿಂದ ಹಿಂದಕ್ಕೆಳೆದು, ಆಮೇಲೆ ಇನ್ನೊಂದನ್ನು ಒತ್ತಬೇಕು. ಎರಡಕ್ಕೂ ಕುದುರೆಯೇ ಆದರೆ ವಾಕ್ಯ ಮುಗ್ಗರಿಸುತ್ತದೆ. ಕೊಡಗು, ಮಲೆನಾಡಿನವರು ತಿಳಿಸಿದರೆ ಉಪಕಾರ.