ಒಂದೇ ಲೈನಿನಲ್ಲಿ ಹಳಬರೂ ಹೊಸಬರೂ ಇದ್ದಾಗ ಸೂಪರ್‌ವೈಸರ್ ಹೇಗೆ ನಡೆದುಕೊಳ್ಳಬೇಕು?

ಪ್ರಶ್ನೆ:
ಗಾರ್ಮೆಂಟ್ಸ್ ಕಾರ್ಖಾನೆಯೊಂದರಲ್ಲಿ ಶರ್ಟ್ ಹೊಲಿಯುವ ಲೈನಿಗೆ ಈಚೆಗೆ ಸೂಪರ್‌ವೈಸರ್ ಆಗಿದ್ದೇನೆ. ಕಾಲರ್ ಕೂರಿಸುವ ಹಿರಿಯ ಟೈಲರುಗಳ ಪಕ್ಕದಲ್ಲಿ ನಿಂತು ಏನಾದರೂ ಹೇಳಿದರೆ ಅವರು ಮುಖ ಸಿಂಡರಿಸುತ್ತಾರೆ. ಹೊಸದಾಗಿ ಸೇರಿದ ಹುಡುಗಿಯರನ್ನು ಅವರ ಪಾಡಿಗೆ ಬಿಟ್ಟರೆ ಸಂಜೆಯ ಹೊತ್ತಿಗೆ ಆಲ್ಟರೇಷನ್ ಪೀಸುಗಳ, ಅಂದರೆ ಬಿಚ್ಚಿ ಸರಿಪಡಿಸಬೇಕಾದ ಪೀಸುಗಳ, ರಾಶಿ ಬೀಳುತ್ತದೆ. ಎಲ್ಲರೊಂದಿಗೂ ಒಂದೇ ರೀತಿ ನಡೆದುಕೊಳ್ಳುವುದೇ ನ್ಯಾಯವೆಂದು ನಂಬಿದವಳು ನಾನು. ಒಬ್ಬೊಬ್ಬರಿಗೆ ಒಂದೊಂದು ರೀತಿ ಎಂದರೆ ಅದು ಪಕ್ಷಪಾತವೆನಿಸುವುದಿಲ್ಲವೇ?

ಉತ್ತರ 1:
ನಾಯಕತ್ವದ ಬಗ್ಗೆ ಅಧ್ಯಯನ ಮಾಡಿದ ಪಾಲ್ ಹರ್ಸಿ ಮತ್ತು ಕೆನ್ ಬ್ಲಾಂಚರ್ಡ್ 1969ರಲ್ಲಿ ಮುಂದಿಟ್ಟ ವಿಚಾರ ನಿಮ್ಮ ಪ್ರಶ್ನೆಗೆ ನೇರವಾಗಿ ಅನ್ವಯಿಸುತ್ತದೆ. ಹೇಳಿ ಮಾಡಿಸುವುದು, ಕಾರಣ ತಿಳಿಸಿ ಒಪ್ಪಿಸುವುದು, ಜೊತೆಗೂಡಿ ನಿರ್ಧರಿಸುವುದು, ಪೂರ್ತಿ ವಹಿಸಿಕೊಡುವುದು ಎಂಬ ನಾಲ್ಕು ರೀತಿಗಳಲ್ಲಿ ಯಾವುದು ಸರಿ ಎಂಬುದನ್ನು ಕೆಲಸ ಮಾಡುವವರ ಕೌಶಲ ಮತ್ತು ಮನಸ್ಸು ನೋಡಿ ತೀರ್ಮಾನಿಸಬೇಕೆಂಬುದು ಅದರ ತಿರುಳು. ಇಲ್ಲಿ ಅಳೆಯುವುದು ಆ ಒಂದು ಕೆಲಸದಲ್ಲಿ ಅವರ ಕೈ ಎಷ್ಟು ಪಳಗಿದೆ, ಮನಸ್ಸು ಎಷ್ಟಿದೆ ಎಂಬುದನ್ನು ಮಾತ್ರ. ವರ್ಷಗಟ್ಟಲೆ ಕಾಲರ್ ಕೂರಿಸಿದವರನ್ನೇ ನಾಳೆ ಹೊಸ ಸ್ಟೈಲಿನ ಕಫ್ ಹೊಲಿಯಲು ಹಾಕಿದರೆ, ಮೊದಲ ಬಂಡಲ್ ಮುಗಿಯುವ ತನಕ ಅವರಿಗೂ ಪಕ್ಕದಲ್ಲಿ ಯಾರಾದರೂ ಬೇಕಾಗುತ್ತದೆ. ಅಳತೆಗೋಲು ಎಲ್ಲರಿಗೂ ಒಂದೇ ಆಗಿರುವುದರಿಂದ ಇದನ್ನು ಪಕ್ಷಪಾತವೆನ್ನಲಾಗದು. ಈ ಮಾತನ್ನು ಬೆಳಗಿನ ಮೀಟಿಂಗಿನಲ್ಲಿ ಎಲ್ಲರೆದುರೇ ಹೇಳಿಬಿಡಿ.

ಉತ್ತರ 2:
ಮೇಲಿನ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಸಂಶೋಧಕ ರಾಬರ್ಟ್ ವೆಕ್ಕಿಯೊ 1987ರಲ್ಲಿ ಪ್ರೌಢಶಾಲಾ ಶಿಕ್ಷಕರ ನಡುವೆ ಈ ಸಿದ್ಧಾಂತವನ್ನು ಪರೀಕ್ಷಿಸಿದಾಗ, ಹೊಸಬರಿಗೆ ಹೆಚ್ಚು ನಿರ್ದೇಶನ ಬೇಕೆಂಬ ಭಾಗಕ್ಕೆ ಆಧಾರ ದೊರೆಯಿತೇ ಹೊರತು ಪಳಗಿದವರ ವಿಷಯದಲ್ಲಿ ಅಂಥ ಆಧಾರ ದೊರೆಯಲಿಲ್ಲ. ನಾಯಕರ ಸ್ವಭಾವ ಸುಲಭವಾಗಿ ಬದಲಾಗದು, ಸ್ವಭಾವಕ್ಕೆ ಒಗ್ಗುವ ಸನ್ನಿವೇಶವನ್ನೇ ಹುಡುಕಬೇಕು ಎಂಬ ಮನೋವಿಜ್ಞಾನಿ ಫ್ರೆಡ್ ಫೀಡ್ಲರ್ ಅವರ ವಾದವೂ ತಳ್ಳಿಹಾಕುವಂಥದ್ದಲ್ಲ. ಹೇಳಿಕೊಡುವುದು ನಿಮ್ಮ ಸ್ವಭಾವವಾಗಿದ್ದರೆ ನೀವು ಹೊಸಬರ ಕಡೆ ನಿಲ್ಲಿ. ಕಾಲರ್ ವಿಭಾಗದ ಹೊಣೆಯನ್ನು ಅಲ್ಲಿನ ಹಿರಿಯರೊಬ್ಬರಿಗೆ ಒಪ್ಪಿಸಿ.

ಉತ್ತರ 3:
ಕೆಲಸಗಾರರನ್ನಷ್ಟೇ ಅಲ್ಲದೆ ಆ ಗಳಿಗೆಯನ್ನೂ ನೋಡಬೇಕು. ಸೂಜಿ ಮುರಿದರೆ ಮೆಷಿನ್ ನಿಲ್ಲಿಸಿ, ಚೂರುಗಳೆಲ್ಲ ಸಿಗುವ ತನಕ ಆ ಬಂಡಲನ್ನು ಮುಂದಕ್ಕೆ ಬಿಡಬಾರದು. ಅಲ್ಲಿ ಹಿರಿಯರೆಂದಾಗಲಿ ಹೊಸಬರೆಂದಾಗಲಿ ಚರ್ಚೆಗೆ ಎಡೆಯೇ ಇಲ್ಲ, ನಿಮ್ಮ ಮಾತೇ ನಡೆಯಬೇಕು. ಆದರೆ ಇಬ್ಬರು ರಜೆ ಹಾಕಿದ ದಿನ ಯಾರನ್ನು ಯಾವ ಮೆಷಿನ್‌ಗೆ ಕೂರಿಸಬೇಕೆಂಬುದನ್ನು ಲೈನಿನಲ್ಲಿರುವವರನ್ನೇ ಕೇಳಿ. ತಿಳಿವಳಿಕೆ ಕೆಳಗಿನವರಲ್ಲಿದ್ದು, ಅವರು ಒಪ್ಪದೆ ಕೆಲಸ ಸಾಗದು ಎಂಬಂಥ ಕಡೆ ನಾಯಕರು ಒಬ್ಬರೇ ನಿರ್ಧರಿಸಬಾರದೆಂದು ಸಂಶೋಧಕರಾದ ವ್ರೂಮ್ ಮತ್ತು ಯೆಟನ್ 1973ರಲ್ಲೇ ವಿವರಿಸಿದ್ದಾರೆ. ನಿಮ್ಮ ಹಿರಿಯ ಟೈಲರುಗಳ ಸಿಡುಕಿಗೂ ಇದೇ ಮದ್ದಾಗಬಹುದು: ಹೇಳಿಕೊಡಲು ಹೋಗುವ ಮೊದಲು, ಆ ಕಾಲರ್ ಎಲ್ಲಿ ತೊಡಕಾಗುತ್ತಿದೆ ಎಂದು ಅವರನ್ನೇ ಕೇಳಿ ನೋಡಿ.