ಎಫ್-1 (ವಿದ್ಯಾರ್ಥಿ) ವೀಸಾದವರು ಕ್ಯಾಂಪಸ್‌ನ ಮತದಾರರ ನೋಂದಣಿ ಟೇಬಲ್‌ನಲ್ಲಿ ಕೂರಬಹುದಾ?

ಪ್ರಶ್ನೆ (ಹೊಸಓದುಗ):
ಟೆಕ್ಸಸ್‌ನ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಎಂ.ಎಸ್., ಎಫ್-1 ವೀಸಾ. ನವೆಂಬರ್ ಚುನಾವಣೆಗೆ ಮುಂಚೆ ವಿದ್ಯಾರ್ಥಿ ಸಂಘವೊಂದು ನೋಂದಣಿ ಟೇಬಲ್ ಹಾಕುತ್ತಿದೆ, ಸ್ವಯಂಸೇವಕರು ಬೇಕಂತೆ. ನನಗೆ ಮತ ಇಲ್ಲ ಅನ್ನುವುದು ಗೊತ್ತು. ಅಲ್ಲಿ ಸಹಾಯಕ್ಕೆ ನಿಂತರೆ ವೀಸಾಗೆ ತೊಂದರೆಯಾ? ಯಾವ ಕೆಲಸ ಮಾಡಬಹುದು, ಯಾವುದು ಬೇಡ?

ನಾಲ್ಕನೇಸಾಲು:
ಸಂಬಳವಿಲ್ಲದೆ ಆದರೆ ಧಾರಾಳವಾಗಿ ಕೂರಿ. ಆದರೆ ಟೆಕ್ಸಸ್‌ನಲ್ಲಿ ತುಂಬಿದ ಅರ್ಜಿಯನ್ನು ಇಸಿದುಕೊಂಡು ಕಚೇರಿಗೆ ಮುಟ್ಟಿಸುವ ಅಧಿಕಾರ ಕೌಂಟಿ (ನಮ್ಮ ಜಿಲ್ಲೆಯಂಥದ್ದು) ನೇಮಿಸಿದ ವಾಲಂಟಿಯರ್ ಡೆಪ್ಯುಟಿ ರಿಜಿಸ್ಟ್ರಾರ್‌ಗಳಿಗೆ ಮಾತ್ರ. ಅದಕ್ಕೆ ಅಮೆರಿಕದ ಪೌರರೇ ಆಗಿರಬೇಕು. ಅವರೂ ಐದು ದಿನದೊಳಗೆ ಕೌಂಟಿಗೆ ತಲುಪಿಸಬೇಕು. ನೀವು ಖಾಲಿ ಅರ್ಜಿ ಹಂಚಿ, ಯಾವ ಕಾಲಂನಲ್ಲಿ ಏನು ಅಂತ ತೋರಿಸಿ. ಯಾರಾದರೂ ತುಂಬಿದ ಅರ್ಜಿ ಚಾಚಿದರೆ ಕೈಗೆ ತೆಗೆದುಕೊಳ್ಳಬೇಡಿ. ಪಕ್ಕದ ಡೆಪ್ಯುಟಿಗೆ ಕೊಡಲಿ, ಇಲ್ಲವೇ ತಾವೇ ಅಂಚೆಗೆ ಹಾಕಲಿ. ಕ್ಲಾಸು ಬಿಟ್ಟಾಗ ಹತ್ತು ಜನ ಒಟ್ಟಿಗೆ ಮುತ್ತಿಕೊಳ್ಳುತ್ತಾರೆ, ಎಡವಟ್ಟಾಗುವುದು ಆಗಲೇ. ಹಾಗಾಗಿ ಡೆಪ್ಯುಟಿ ಇಲ್ಲದ ಪಾಳಿಗೆ ಒಪ್ಪಿಕೊಳ್ಳಬೇಡಿ.

ಡಾರ್ಮ್‌ನಲ್ಲಿ (ಕ್ಯಾಂಪಸ್ ಹಾಸ್ಟೆಲಿನಲ್ಲಿ) ಇರುವವರು ತಪ್ಪುವುದು ವಿಳಾಸದಲ್ಲಿ. ವಾಸದ ವಿಳಾಸಕ್ಕೆ ಪಿ.ಒ. ಬಾಕ್ಸ್ ನಡೆಯುವುದಿಲ್ಲ, ಕಟ್ಟಡದ ಬೀದಿ ನಂಬರ್ ಬೇಕು. ಟಪಾಲು ಬೇರೆಡೆ ಬರುವುದಾದರೆ ಅದಕ್ಕೆ ಪ್ರತ್ಯೇಕ ಕಾಲಂ ಇದೆ. "ಅಪ್ಪ ಅಮ್ಮ ಇರುವುದು ಬೇರೆ ಊರಲ್ಲಿ, ನಾನು ಇಲ್ಲಿ ನೋಂದಾಯಿಸಬಹುದಾ?" ಅಂತ ಕೇಳಿಯೇ ಕೇಳುತ್ತಾರೆ. ಇದೇ ತಮ್ಮ ಮನೆ ಅಂದುಕೊಂಡವರು ಮಾಡಬಹುದು, ಆದರೆ ಒಂದೇ ಕಡೆ. ಇದು ಸುಮ್ಮನೆ ಸಿಕ್ಕಿದ ಹಕ್ಕಲ್ಲ. ಟೆಕ್ಸಸ್‌ನದೇ ವಾಲರ್ ಕೌಂಟಿಯಲ್ಲಿ ಪ್ರೇರಿ ವ್ಯೂ ವಿಶ್ವವಿದ್ಯಾಲಯದ ಕಪ್ಪು ವಿದ್ಯಾರ್ಥಿಗಳ ನೋಂದಣಿಗೆ ಅಡ್ಡಿಯಾದ ಪ್ರಕರಣ ಸುಪ್ರೀಂ ಕೋರ್ಟ್ ತನಕ ಹೋಗಿ, 1979ರಲ್ಲಿ ವಿದ್ಯಾರ್ಥಿಗಳ ಪರ ಇತ್ಯರ್ಥವಾಯಿತು.

ನೋಂದಣಿಯ ಗಡುವು ಚುನಾವಣೆಗೆ 30 ದಿನ ಮುಂಚೆ. ಮತಗಟ್ಟೆಯಲ್ಲಿ ಕಾಲೇಜಿನ ಐಡಿ ನಡೆಯುವುದಿಲ್ಲ ಅನ್ನುವುದನ್ನೂ ಬಂದವರಿಗೆಲ್ಲ ಹೇಳಿ. ಬಂದೂಕಿನ ಪರವಾನಗಿ ನಡೆಯುತ್ತದೆ, ವಿದ್ಯಾರ್ಥಿ ಐಡಿ ಇಲ್ಲ. ನನಗಂತೂ ಇದು ಅನ್ಯಾಯ ಅನ್ನಿಸುತ್ತದೆ.

ಕಡತಪಾಲಕ:
ಮೇಲಿನದು ಸರಿ. ವೀಸಾಗೆ ನಿಜವಾದ ಅಪಾಯ ಟೇಬಲ್‌ಗಿಂತ ಡ್ರೈವಿಂಗ್ ಲೈಸೆನ್ಸ್ ಕಚೇರಿಯಲ್ಲಿ. 1993ರ ರಾಷ್ಟ್ರೀಯ ಮತದಾರರ ನೋಂದಣಿ ಕಾಯ್ದೆಯಿಂದಾಗಿ ಲೈಸೆನ್ಸ್ ಅರ್ಜಿಯಲ್ಲೇ ಮತದಾರರ ನೋಂದಣಿಯನ್ನೂ ಕೇಳುತ್ತಾರೆ. ಅವಸರದಲ್ಲಿ "ಪೌರ ಹೌದು" ಅನ್ನುವ ಚೌಕಕ್ಕೆ ಗುರುತು ಹಾಕಿ ಸಹಿ ಮಾಡಿದರೆ ಅದು ಸುಳ್ಳು ಪೌರತ್ವದ ಹೇಳಿಕೆಯಾಗಿ, ಮುಂದೆ ಗ್ರೀನ್ ಕಾರ್ಡ್‌ಗೆ ಶಾಶ್ವತ ಅಡ್ಡಿಯಾಗಬಹುದು. ಗುಮಾಸ್ತರೇ ಟೈಪ್ ಮಾಡಿದ್ದರೂ ಸಹಿಗೆ ಮುಂಚೆ ಆ ಸಾಲು ಓದಿ.

ಇನ್ನೊಂದು, ದುಡ್ಡು. ಹೊರಗಿನ ಸಂಸ್ಥೆ ಗಂಟೆಗಿಷ್ಟು ಅಂತ ಕೊಡುವುದಾದರೆ ಒಪ್ಪಬೇಡಿ. ಟೇಬಲ್ ಕ್ಯಾಂಪಸ್‌ನೊಳಗಿದ್ದರೂ ಅದು ಎಫ್-1ನವರಿಗೆ ಅನುಮತಿಯಿರುವ ಆನ್-ಕ್ಯಾಂಪಸ್ ಕೆಲಸ ಆಗುವುದಿಲ್ಲ. ಅನುಮಾನ ಬಂದರೆ ಒಪ್ಪಿಕೊಳ್ಳುವ ಮೊದಲೇ ಡಿಎಸ್‌ಒ (ವಿದೇಶಿ ವಿದ್ಯಾರ್ಥಿಗಳ ವೀಸಾ ವಿಷಯ ನೋಡಿಕೊಳ್ಳುವ ವಿಶ್ವವಿದ್ಯಾಲಯದ ಅಧಿಕಾರಿ) ಹತ್ತಿರ ಈಮೇಲ್‌ನಲ್ಲಿ ಕೇಳಿ, ಉತ್ತರ ಬರಹದಲ್ಲಿ ಉಳಿಯುತ್ತದೆ.

ಮಧ್ಯಾಹ್ನದಬಿಸಿಲು:
ಪಿಜ್ಜಾ ಇಡುವುದಾದರೆ ಬಂದವರಿಗೆಲ್ಲ ಕೊಡಿ. "ನೋಂದಾಯಿಸಿದವರಿಗೆ ಪಿಜ್ಜಾ" ಅಂತ ಬೋರ್ಡ್ ಹಾಕಿದರೆ ನೋಂದಣಿಗೆ ಪ್ರತಿಫಲ ಕೊಟ್ಟಂತೆ. ಫೆಡರಲ್ (ರಾಷ್ಟ್ರಮಟ್ಟದ) ಚುನಾವಣೆಯಲ್ಲಿ ಅದು ಅಪರಾಧ. ಅಭ್ಯರ್ಥಿಗಳ ಬ್ಯಾಡ್ಜು, ಸ್ಟಿಕ್ಕರ್ ಕೂಡ ಆ ಟೇಬಲ್ ಮೇಲೆ ಬೇಡ. ಪ್ರಚಾರವೇ ಮಾಡಬೇಕೆಂದಿದ್ದರೆ ಬೇರೆ ದಿನ ಸ್ವಯಂಸೇವಕರಾಗಿ ಹೋಗಿ, ಎಫ್-1ನವರಿಗೂ ಅದಕ್ಕೆ ಅವಕಾಶವಿದೆ. ಅಭ್ಯರ್ಥಿಗೆ ಚಂದಾ ಕೊಡುವುದು ಮಾತ್ರ, ಒಂದು ಡಾಲರ್ ಆದರೂ, ನಿಷಿದ್ಧ.