ಪದ ಬೇಕಿದೆ: ‘ಇನ್‌ಏಲಿಯನಬಲ್’ ಹಕ್ಕು (ನಾಳೆ ಬೆಳಿಗ್ಗೆಯೊಳಗೆ)

ತುಮಕೂರಿನಿಂದ:
ನಮಸ್ಕಾರ. ನವೆಂಬರ್ 26ರ ಸಂವಿಧಾನ ದಿನಕ್ಕೆ ನಮ್ಮ ಗ್ರಂಥಾಲಯದ ಗೋಡೆಗೆ ಒಂದು ಸಾಲು ಬರೆಸಬೇಕು. ಖಾಸಗಿತನದ ಹಕ್ಕಿನ ಬಗ್ಗೆ ಸುಪ್ರೀಂ ಕೋರ್ಟು ಕೊಟ್ಟ 2017ರ ಪುಟ್ಟಸ್ವಾಮಿ ತೀರ್ಪಿನ ಸಾರ: ಜೀವ ಮತ್ತು ಸ್ವಾತಂತ್ರ್ಯದ ಹಕ್ಕುಗಳನ್ನು ಸಂವಿಧಾನ ಸೃಷ್ಟಿಸಲಿಲ್ಲ, ಮನುಷ್ಯನಲ್ಲಿ ಮೊದಲೇ ಇದ್ದುದನ್ನು ಗುರುತಿಸಿತು, ಅವು ಇನ್‌ಏಲಿಯನಬಲ್. ಇಂಗ್ಲಿಷಿನ ಈ ಪದದಲ್ಲೇ (inalienable, ವ್ಯಕ್ತಿಯಿಂದ ಬೇರ್ಪಡಿಸಲಾಗದ) ಸಿಕ್ಕಿಕೊಂಡಿದ್ದೇನೆ. ‘ಕಸಿಯಲಾಗದ’ ಎಂದು ಬರೆದುಕೊಂಡಿದ್ದೇನೆ, ಸಮಾಧಾನವಿಲ್ಲ. ‘ಅವಿಚ್ಛಿನ್ನ’ ಮಕ್ಕಳ ಬಾಯಲ್ಲಿ ನಿಲ್ಲುವುದಿಲ್ಲ. ಪೇಂಟರ್ ನಾಳೆ ಬೆಳಿಗ್ಗೆ ಬರುತ್ತಾರೆ.

ಸಾಗರದಿಂದ:
‘ಹುಟ್ಟುಹಕ್ಕು’. ಸಂಸ್ಕೃತಕ್ಕೆ ಕೈಚಾಚಬೇಕಾಗಿಲ್ಲ.

ಹಾಸನದಿಂದ:
ಶಾನುಭೋಗಿಕೆ, ಪಟೇಲಿಕೆಗಳೂ ಹುಟ್ಟಿನಿಂದಲೇ ಬರುತ್ತಿದ್ದವು ಸ್ವಾಮಿ. ಅವನ್ನು ತೆಗೆಯಲು ಗ್ರಾಮ ಹುದ್ದೆಗಳನ್ನು ರದ್ದು ಮಾಡುವ ಕಾಯ್ದೆಯೇ ಬೇಕಾಯಿತು, 1961ರಲ್ಲಿ. ಇಂಥ ಮನೆಯಲ್ಲಿ ಹುಟ್ಟಿದ್ದಕ್ಕೆ ಸಿಗುವುದು ಬೇರೆ, ಮನುಷ್ಯ ಅನ್ನುವ ಒಂದೇ ಕಾರಣಕ್ಕೆ ಇರುವುದು ಬೇರೆ. ‘ಹುಟ್ಟುಹಕ್ಕು’ ಎರಡನ್ನೂ ಕಲಸಿಬಿಡುತ್ತದೆ.

ಮೇಡಂ, ನಿಮ್ಮ ಪದ ಕಂದಾಯ ಕಚೇರಿಯಲ್ಲಿದೆ: ಪರಭಾರೆ, ಅಂದರೆ ಆಸ್ತಿಯನ್ನು ಬೇರೆಯವರ ಕೈಗೆ ದಾಟಿಸುವುದು. ‘ಪರಭಾರೆ ಮಾಡಲಾಗದ’ ಅನ್ನಿ. ಮೂವತ್ತು ವರ್ಷ ವಕೀಲಿಕೆ ಮಾಡಿದವನು ನಾನು. ಸರ್ಕಾರ ಜಮೀನು ಮಂಜೂರು ಮಾಡಿ ಕೊಟ್ಟ ಸಾಗುವಳಿ ಚೀಟಿ ಹಿಡಿದು ಬರುವ ರೈತ, ಓದು ಬಾರದಿದ್ದರೂ, ‘ಪರಭಾರೆ ಮಾಡಕೂಡದು’ ಅನ್ನುವ ಸಾಲಿನ ಮೇಲೆ ಸರಿಯಾಗಿ ಬೆರಳಿಡುತ್ತಾನೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನು ಕಾಯುವ 1978ರ ಪರಭಾರೆ ನಿಷೇಧ ಕಾಯ್ದೆಯಡಿ, ಮಂಜೂರಿದಾರ ತಾನೇ ಹೆಬ್ಬೆಟ್ಟೊತ್ತಿದ್ದರೂ ಷರತ್ತು ಮೀರಿದ ಕ್ರಯ ನಿಲ್ಲುವುದಿಲ್ಲ. ‘ಕಸಿಯಲಾಗದ’ ಅಂದರೆ ಹೊರಗಿನ ಕಳ್ಳನನ್ನಷ್ಟೇ ತಡೆದಂತೆ. ಈ ಪದ ಒಡೆಯನ ಕೈಯನ್ನೂ ತಡೆಯುತ್ತದೆ.

1985ರ ಓಲ್ಗಾ ಟೆಲಿಸ್ ಪ್ರಕರಣ ನೋಡಿ. ಬೊಂಬಾಯಿಯ ಫುಟ್‌ಪಾತ್ ವಾಸಿಗಳು, ಅಲ್ಲಿ ಗುಡಿಸಲು ಹಾಕುವ ಮೂಲಭೂತ ಹಕ್ಕು ತಮಗಿಲ್ಲವೆಂದು ಹೈಕೋರ್ಟಿನಲ್ಲಿ ಒಪ್ಪಿಕೊಂಡಿದ್ದರು. ಮುಂದೆ ಪಾಲಿಕೆ ಆ ಮಾತನ್ನೇ ಹಿಡಿಯಿತು. ಸುಪ್ರೀಂ ಕೋರ್ಟು ಕೇಳಲಿಲ್ಲ: ಮೂಲಭೂತ ಹಕ್ಕು ಒಬ್ಬನ ಲಾಭಕ್ಕಷ್ಟೇ ಇರುವುದಲ್ಲ, ಸಮಾಜದ ಹಿತವೂ ಅದರಲ್ಲಿದೆ, ಮಾತು ಕೊಟ್ಟು ಕಳೆದುಕೊಳ್ಳುವ ವಸ್ತುವಲ್ಲ ಅದು. ಹಸಿವಿನಲ್ಲಿ ಹಾಕಿದ ಸಹಿಗೆ ಬೆಲೆ ಕಟ್ಟಿದರೆ ಮೊದಲು ಮಾರಾಟವಾಗುವುದು ಬಡವನ ಹಕ್ಕೇ.

ಸಾಗರದಿಂದ:
ಪರಭಾರೆ ಕಚೇರಿಯ ಎರವಲು. ಗೋಡೆಗೆ ಬೇಡ.

ಹಾಸನದಿಂದ:
ಹಾಗಾದರೆ ‘ಹಕ್ಕು’ ಕೂಡ ಅಳಿಸಿ. ಅದು ಅರಬ್ಬಿಯ ಹಕ್. ಸತ್ಯ ಎಂಬ ಅರ್ಥವೂ ಅದಕ್ಕಿದೆ. ಹಿಂದಿ ಸಂವಿಧಾನದಲ್ಲಿ ‘ಮೂಲ ಅಧಿಕಾರ್’ ಎಂದಿದೆ. ನಮ್ಮಲ್ಲಿ ಅಧಿಕಾರ ತಹಸೀಲ್ದಾರರದು, ಹಕ್ಕು ಜನರದು. ಪ್ರಜಾಪ್ರಭುತ್ವಕ್ಕೆ ಬೇಕಾದ ಈ ಭೇದವನ್ನು ಕನ್ನಡಕ್ಕೆ ಕೊಟ್ಟದ್ದು ಎರವಲು ಪದವೇ. ವಕೀಲ, ಜಮೀನು, ಕಾಯ್ದೆ ಎಲ್ಲ ಬಿಟ್ಟು ಒಂದು ದಿನ ಮಾತಾಡಿ ನೋಡಿ.

ಮೈಸೂರಿನಿಂದ:
ಜಗಳ ಆಮೇಲೆ. ಪರಭಾರೆಗೆ ಬೇರೆಯೇ ತೊಡಕಿದೆ. ಅದೇ 1978ರ ಕಾಯ್ದೆಯಲ್ಲಿ ಸರ್ಕಾರದ ಪೂರ್ವಾನುಮತಿ ಪಡೆದರೆ ಮಾರಬಹುದು. ಸರ್ಕಾರ ಒಪ್ಪಿದರೆ ಕೈಬಿಡುವ ಹಕ್ಕು ಎಂಥ ಹಕ್ಕು? 1976ರ ಜಬಲ್ಪುರ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ನಾಲ್ವರು ನ್ಯಾಯಮೂರ್ತಿಗಳು, ತುರ್ತುಪರಿಸ್ಥಿತಿಯಲ್ಲಿ ಬಂಧಿತನಿಗೆ ಕೋರ್ಟಿನ ಬಾಗಿಲು ತಟ್ಟುವ ದಾರಿಯಿಲ್ಲ ಎಂದರು, ಒಪ್ಪದವರು ಎಚ್.ಆರ್. ಖನ್ನಾ ಒಬ್ಬರೇ. ಪುಟ್ಟಸ್ವಾಮಿ ತೀರ್ಪು ತಳ್ಳಿಹಾಕಿದ್ದು ಆ ನಾಲ್ವರ ಮಾತನ್ನೇ. ಸರ್ಕಾರದ ಅನುಮತಿಯ ವಾಸನೆ ಗೋಡೆಯ ಮೇಲಿನ ಪದಕ್ಕೆ ಇರಬಾರದು. ‘ಬಿಟ್ಟುಕೊಡಲು ಬಾರದ’ ಎಂದು ಬರೆಸಿ.

ತುಮಕೂರಿನಿಂದ:
ಎಲ್ಲರಿಗೂ ಧನ್ಯವಾದ. ಹಾಸನದವರ ಅರ್ಥಕ್ಕೆ ಮೈಸೂರಿನವರ ಪದ ಹಾಕಿದ್ದೇನೆ: ‘ಈ ಹಕ್ಕುಗಳು ಯಾರೋ ಕೊಟ್ಟವಲ್ಲ. ಯಾರಿಂದಲೂ ಕಸಿಯಲಾಗದು, ನಾವೂ ಬಿಟ್ಟುಕೊಡಲು ಬಾರದು.’ ಒತ್ತಕ್ಷರಗಳಿಗೆ ಸಾಲುಗಳ ನಡುವೆ ಜಾಗ ಬಿಡಲು ಪೇಂಟರ್‌ಗೆ ಹೇಳಿದ್ದೇನೆ. ರಾತ್ರಿ ಹತ್ತರವರೆಗೆ ಮೇಲ್ ನೋಡುತ್ತಿರುತ್ತೇನೆ.

ಸಾಗರದಿಂದ:
‘ನಾವೂ’ ತಪ್ಪು. ಅದು ಬರೀ ಬುದ್ಧಿವಾದವಾಯಿತು. ಆಗದ ಮಾತು ಎಂಬ ಅರ್ಥ ಬರಬೇಕಾದರೆ ‘ನಮಗೂ ಬಿಟ್ಟುಕೊಡಲು ಬಾರದು’. ಬಣ್ಣ ಬಳಿಯುವ ಮೊದಲು ತಿದ್ದಿಸಿ.